ದಾಸಯ್ಯನ ಯೋಚನೆ ಪುಸ್ತಕ

ಮೇ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ ಎಂಟಕ್ಕೆ, ಜಾವಳಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಹಾಕುವ ಮಸ್ಟರ್ ಅಂಗಳದಲ್ಲಿ, ದಾಸಯ್ಯ ತನ್ನ ಕುಡಿತದ ಬಗ್ಗೆ ಗುಟ್ಟಾಗಿ ಬರೆಸಿಕೊಂಡಿದ್ದ ಪುಸ್ತಕವನ್ನು ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರ್ ಪ್ರಸಾದ್ ನಲವತ್ತೆರಡು ಆಳುಗಳ ಎದುರು ಓದಿದ. ಪೂರ್ತಿ ಓದಲು ಇಪ್ಪತ್ತು ನಿಮಿಷ ಹಿಡಿಯಿತು. ಆಮೇಲೆ ಹೆಸರು ಕೂಗಿ ಎಲ್ಲರನ್ನೂ ಕೆಲಸಕ್ಕೆ ಕಳಿಸಿದರು.

ದಾಸಯ್ಯನಿಗೆ ನಲವತ್ನಾಲ್ಕು. ಮರಗಸಿಯವನು. ಮಳೆ ಹಿಡಿಯುವ ಮೊದಲು ಕಾಫಿ ಗಿಡಕ್ಕೆ ಬೆಳಕು ಬೀಳಲೆಂದು ನೆರಳಿನ ಮರ ಹತ್ತಿ ಕೊಂಬೆ ಸವರುವವನು. ನಲವತ್ತು, ಐವತ್ತು ಅಡಿ ಮೇಲೆ, ಒಂದು ಕೈಯಲ್ಲಿ ಮರ, ಇನ್ನೊಂದರಲ್ಲಿ ಕತ್ತಿ. ಆ ಎಸ್ಟೇಟಿನಲ್ಲಿ ಗಸಿಗೆ ಹತ್ತುವವರಿಗೆ ಏಣಿಯ ಬುಡದಲ್ಲೇ ಮೇಸ್ತ್ರಿ ಒಂದು ಪ್ಯಾಕೆಟ್ ಕೊಡುವುದು ಪದ್ಧತಿ. ಹಿಂದೆ ಗ್ಲಾಸಿನಲ್ಲಿ ಸಾರಾಯಿ ಬರುತ್ತಿತ್ತು, ಈಗ ಪ್ಯಾಕೆಟ್ಟಿನಲ್ಲಿ ವಿಸ್ಕಿ. ಧೈರ್ಯಕ್ಕೆ ಅನ್ನುತ್ತಾರೆ. ಹಗ್ಗ ಕೊಡುವುದಿಲ್ಲ. ಸೊಂಟಕ್ಕೆ ಹಗ್ಗ ಬಿಗಿದು, ಬಿಚ್ಚಿ, ಮತ್ತೆ ಬಿಗಿಯುತ್ತ ಮರದಿಂದ ಮರಕ್ಕೆ ಹೋದರೆ ಹೊತ್ತು ಹಿಡಿಯುತ್ತದೆ. ಪ್ಯಾಕೆಟ್ ಕುಡಿಯಲು ಅರ್ಧ ನಿಮಿಷ ಸಾಕು.

ಇಪ್ಪತ್ತು ವರ್ಷ ಹಾಗೆ ಕುಡಿದು ಹತ್ತಿದವನು, ಇಳಿದ ಮೇಲೂ ಕುಡಿದವನು, ಮಾರ್ಚಿನಲ್ಲಿ ಒಂದು ದಿನ ಹೆಂಡತಿ ವಸಂತಮ್ಮನ ಎಡಗೈ ಮುರಿದ. ಹಾಸ್ಟೆಲಿನಲ್ಲಿದ್ದ ಮಗಳು ಕವನಾ ಫೋನಿನಲ್ಲಿ ಒಂದೇ ಮಾತು ಹೇಳಿದಳು: "ಇನ್ನು ರಜೆಗೆ ನಾನು ಮನೆಗೆ ಬರಲ್ಲಪ್ಪ." ಮಾರನೇ ವಾರ ಅವನು ಮೂಡಿಗೆರೆಯ ಬಸ್ಸು ಹಿಡಿದು, ಬಟ್ಟೆ ಅಂಗಡಿಯೊಂದರ ಮೇಲಿದ್ದ ವ್ಯಸನಮುಕ್ತಿ ಕೊಠಡಿಯ ಮೆಟ್ಟಿಲು ಹತ್ತಿದ.

ಅಲ್ಲಿ ಕೂತಿದ್ದವಳು ಅಫ್ರೀನ್. ಇಪ್ಪತ್ತೆಂಟರ ಹುಡುಗಿ, ಜೀಪ್ ಮೆಕ್ಯಾನಿಕ್ ಸಫ್ದರನ ಮಗಳು. ಒಂದು ಸೇವಾಸಂಸ್ಥೆಯಲ್ಲಿ ವರ್ಷ ವರ್ಷಕ್ಕೆ ನವೀಕರಿಸುವ ಕೆಲಸ ಅವಳದು. ದಾಸಯ್ಯ ಮೊದಲು ಮಾತ್ರೆ ಕೇಳಿದ.

"ಮಾತ್ರೆ ಡಾಕ್ಟ್ರು ಕೊಡ್ತಾರೆ ದಾಸಯ್ಯಣ್ಣ. ನನ್ನ ಹತ್ರ ಇರೋದು ಬರೀ ಮಾತು."

"ಮಾತಿಗೆ ಕುಡಿತ ಬಿಡೋ ಹಾಗಿದ್ರೆ ನಮ್ಮ ವಸಂತಿ ಬೈಗುಳಕ್ಕೆ ಯಾವತ್ತೋ ಬಿಡ್ಬೇಕಿತ್ತಲ್ಲ ಮೇಡಂ!"

ಅವಳು ನಕ್ಕಳು. ಆಮೇಲೆ ವಿವರಿಸಿದಳು. ಅವಳು ಕಲಿತ ಚಿಕಿತ್ಸೆಯನ್ನು ಸಿಬಿಟಿ ಎನ್ನುತ್ತಾರೆ. ಮೂಡಿಗೆರೆಯಲ್ಲಿ ಆ ಹೆಸರು ಹೇಳಿದರೆ ಜನ ಬಸ್ ಕಂಪನಿ ಅಂದುಕೊಳ್ಳುತ್ತಾರೆಂದು ಅವಳು ಅದನ್ನು ಯೋಚನೆ ಹಿಡಿಯುವ ಕೆಲಸ ಎನ್ನುತ್ತಿದ್ದಳು. ಕೈ ಪ್ಯಾಕೆಟ್ಟಿಗೆ ಹೋಗುವ ಮೊದಲು ತಲೆಯಲ್ಲಿ ಒಂದು ಯೋಚನೆ ಬರುತ್ತದೆ, ಅದು ಬಂದದ್ದೇ ನಮಗೆ ಗೊತ್ತಾಗುವುದಿಲ್ಲ, ಅದನ್ನು ಹಿಡಿದು ಬರೆದಿಡಿ, ಅದು ನಿಜವೋ ಸುಳ್ಳೋ ಎಂದು ಸಾಕ್ಷಿ ಕೇಳಿ, ಸುಳ್ಳಾದರೆ ಬದಲಿ ಯೋಚನೆಯೊಂದನ್ನು ಹುಡುಕಿ. ಇಷ್ಟು ಹೇಳಿ ಐದು ಕಲಂ ಗೆರೆ ಎಳೆದ ಒಂದು ಪುಸ್ತಕ ಕೊಟ್ಟಳು. ಏನಾಯಿತು. ಏನು ಯೋಚನೆ ಬಂತು. ಮನಸ್ಸಿಗೆ ಏನಾಯಿತು, ನೂರಕ್ಕೆ ಎಷ್ಟು. ಸಾಕ್ಷಿ ಏನು. ಬದಲಿ ಯೋಚನೆ ಏನು. ಪುಸ್ತಕದ ಮೊದಲ ಪುಟದಲ್ಲಿ 'ತಪ್ಪು ಯೋಚನೆಯ ಹತ್ತು ಬಗೆಗಳು' ಎಂಬ ಪಟ್ಟಿ ಅಚ್ಚಾಗಿತ್ತು. ಅದನ್ನು ಕನ್ನಡಕ್ಕೆ ತಂದವಳು ಅಫ್ರೀನಳೇ. ಆ ಬಗ್ಗೆ ಅವಳಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

"ನಂಗೆ ಬರಿಯೋಕೆ ಬರಲ್ಲ ಮೇಡಂ."

"ಮನೆ ಹತ್ರ ಯಾರಾದ್ರೂ ಬಲ್ಲವರ ಕೈಲಿ ಬರೆಸಿ. ದಿನಾ ಸಂಜೆ, ಮರೀಬೇಡಿ."

ಯಾರ ಕೈಲಿ ಎಂದು ಅವಳು ಕೇಳಲಿಲ್ಲ. ಅವಳ ತರಬೇತಿಯ ಪುಸ್ತಕದಲ್ಲೂ ಆ ಪ್ರಶ್ನೆ ಇರಲಿಲ್ಲ.

ದಾಸಯ್ಯ ಬಿಟ್ಟ. ಮೊದಲ ವಾರ ಬೆವರಿ, ನಡುಗಿ, ಗೋಡೆಗೆ ತಲೆ ಚಚ್ಚಿಕೊಂಡು ಬಿಟ್ಟ. ಎರಡನೇ ವಾರ ಕೈ ನಡುಕ ನಿಂತಿತು. ಮೂರನೇ ವಾರ ಕವನಾ ಫೋನ್ ಮಾಡಿ ಅಪ್ಪನಿಗೇ ಕೊಡು ಎಂದಳಂತೆ. ಏಪ್ರಿಲ್ ಕೊನೆಗೆ ಗಸಿ ಶುರುವಾದಾಗ ಅವನು ಪ್ಯಾಕೆಟ್ ಬೇಡವೆಂದು ಹಾಗೇ ಏಣಿ ಹತ್ತಿದ. ಹತ್ತಿದವನು ಮೊದಲ ಕವಲಿನಲ್ಲೇ ಮರವನ್ನು ಎರಡೂ ಕೈಯಲ್ಲಿ ತಬ್ಬಿ ನಿಂತುಬಿಟ್ಟ.

"ಇಪ್ಪತ್ತು ವರ್ಷ ಹತ್ತಿದೀನಿ ಮೇಡಂ," ಎಂದ ಆ ವಾರ ಬಂದು. "ಎಷ್ಟು ಎತ್ತರ ಅಂತ ಮೊನ್ನೆ ಗೊತ್ತಾಯ್ತು."

ಅವರಿಬ್ಬರೂ ಅದನ್ನೇ ಮುಂದಿಟ್ಟುಕೊಂಡು ಕೂತರು. ಏನಾಯಿತು: ಏಣಿ ಹತ್ತಿದೆ. ಏನು ಯೋಚನೆ: ಬೀಳುತ್ತೇನೆ, ಒಂದು ಪ್ಯಾಕೆಟ್ ಹಾಕಿದರೆ ಬೀಳುವುದಿಲ್ಲ. ಹೆದರಿಕೆ, ನೂರಕ್ಕೆ ಎಂಬತ್ತು. ಸಾಕ್ಷಿ: ಹಾಕಿಕೊಂಡವರೂ ಬಿದ್ದಿದ್ದಾರೆ. ಬದಲಿ ಯೋಚನೆ ಏನೆಂದು ಅಫ್ರೀನ್ ಕೇಳಿದಾಗ ದಾಸಯ್ಯ ತನ್ನ ಸೊಂಟದ ಸುತ್ತ ಬೆರಳಾಡಿಸಿದ.

"ಪ್ಯಾಕೆಟ್ ಬದ್ಲು ಹಗ್ಗ ಕೇಳ್ಬೌದಲ್ವಾ?"

ಅಫ್ರೀನ್ ಕುರ್ಚಿಯಿಂದ ಎದ್ದೇಬಿಟ್ಟಳು. ತಿಂಗಳ ವರದಿಯಲ್ಲಿ ಅದನ್ನು ಬರೆದಳು: ರೋಗಿಯು ಸ್ವತಃ ಬದಲಿ ಯೋಚನೆಯನ್ನು ಕಂಡುಕೊಂಡಿದ್ದಾರೆ.

ದಾಸಯ್ಯ ಹೋಗಿ ಹಗ್ಗ ಕೇಳಿದ. "ಹಗ್ಗ ಬೇಕಾ? ನೇಣು ಹಾಕ್ಕೊಳ್ಳೋಕಾ ಮಾರಾಯ?" ಎಂದು ಮೇಸ್ತ್ರಿ ಬಸವರಾಜು ನಕ್ಕ. ಮಾರನೇ ದಿನ ಇನ್ನಿಬ್ಬರು ಗಸಿಯವರು ಕೇಳಿದರು. ಮೂರನೇ ದಿನ ಮೂವರೂ ಏಣಿಯ ಬುಡದಲ್ಲಿ ಕೂತರು, ಹತ್ತಲಿಲ್ಲ. ಆಗ ಬಸವರಾಜು ನಗಲಿಲ್ಲ. ಅದು ಶನಿವಾರ. ಸೋಮವಾರ ಪುಸ್ತಕ ಓದಿದರು.

ಮಂಗಳವಾರ ದಾಸಯ್ಯ ಕೊಠಡಿಯ ಬಾಗಿಲಲ್ಲಿ ನಿಂತಾಗಲೇ ಅಫ್ರೀನಳಿಗೆ ವಾಸನೆ ಬಂತು. ಅವನು ಒಳಗೆ ಬರಲಿಲ್ಲ. ಅಲ್ಲಿಂದಲೇ ಹೇಳಿದ.

"ಕುಡ್ದೆ ಮೇಡಂ. ಬಿಟ್ಟು ಐವತ್ತೆಂಟು ದಿನ ಆಗಿತ್ತು."

"ಬನ್ನಿ, ಕೂತ್ಕೊಳ್ಳಿ. ಒಂದ್ಸಲ ಜಾರಿದ್ರೆ ಎಲ್ಲಾ ಹೋಯ್ತು ಅಂತಲ್ಲ. ಏನಾಯ್ತು ಹೇಳಿ. ಪುಸ್ತಕ ತಂದಿದೀರಾ?"

"ಪುಸ್ತಕ ಅವ್ರ ಹತ್ರ ಇದೆ."

"ಯಾರ ಹತ್ರ?"

"ರೈಟರ್ ಹತ್ರ. ಅವ್ರೇ ಅಲ್ವಾ ಬರೀತಿದ್ದಿದ್ದು."

ಅಫ್ರೀನ್ ಪೆನ್ನು ಕೆಳಗಿಟ್ಟಳು. "ಎಸ್ಟೇಟ್ ರೈಟರಾ? ಅವರ ಕೈಲಿ ಬರೆಸಿದ್ರಾ?"

"ಇನ್ಯಾರ ಕೈಲಿ ಬರೆಸ್ಲಿ? ನಮ್ಮ ಆಳುಗಳ ಲೈನ್ ಮನೆಗಳಲ್ಲಿ ಬರಿಯೋದು ಅಂದ್ರೆ ಅವ್ರೇ. ರೇಷನ್ ಅರ್ಜಿ ಅವ್ರೇ, ಕವನಾನ ಶಾಲೆ ಕಾಗ್ದ ಅವ್ರೇ. ನಮ್ಮಪ್ಪ ಸತ್ತಾಗ ಪೊಲೀಸ್ ಕಾಗ್ದ ಬರ್ದಿದ್ದು ಇವ್ರ ಅಪ್ಪ. ಒಳ್ಳೇವ್ರು ಮೇಡಂ. ದಿನಾ ಸಂಜೆ ಆಫೀಸ್ ಮೆಟ್ಟಿಲ ಮೇಲೆ ನಾನು ಹೇಳೋದು, ಅವ್ರು ಬರಿಯೋದು. 'ಹೇಳೋ ದಾಸ, ಇವತ್ತು ನಿನ್ ಮನಸ್ಸಿಗೆ ಎಷ್ಟು ಮಾರ್ಕ್ಸು?' ಅಂತ ನಗ್ತಿದ್ರು. ಒಂದು ಪೈಸೆ ತಗೊಂಡಿಲ್ಲ."

ಅವನು ಸೋಮವಾರದ್ದನ್ನು ಹೇಳಿದ. ಹೆದರಿಕೆ ನೂರಕ್ಕೆ ಎಂಬತ್ತು ಎಂದು ಓದಿದಾಗ ಹಿಂದಿನಿಂದ ಯಾರೋ "ಎಂಬತ್ತಾ! ಶಾಲೇಲಿ ಒಂದಿನಾನೂ ಇಷ್ಟು ತಗೊಂಡಿಲ್ಲ ಬಿಡು ದಾಸ!" ಎಂದರಂತೆ. ಎಲ್ಲರೂ ನಕ್ಕರು, ಅವನೂ ನಕ್ಕ. ಆಮೇಲೆ ಏಪ್ರಿಲ್ ಏಳರ ಪುಟ ಬಂತು. ವಸಂತಮ್ಮ ಈಗಲೂ ರಾತ್ರಿ ಗೋಡೆಗೆ ಬೆನ್ನು ಕೊಟ್ಟು ಮಲಗುತ್ತಾಳೆ, ನಾನು ಕುಡಿಯದಿದ್ದರೂ ಅವಳ ಕೈ ಮುಖದ ಮೇಲೇ ಇರುತ್ತದೆ, ಅದನ್ನು ನೋಡಿದರೆ ಕುಡಿಯಬೇಕು ಅನಿಸುತ್ತದೆ. ವಸಂತಮ್ಮ ಹೆಣ್ಣಾಳುಗಳ ಸಾಲಿನಲ್ಲಿ ನಿಂತಿದ್ದಳು. ಆಗ ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು ಎಂದ ದಾಸಯ್ಯ.

ಕೊನೆಗೆ ಅಪ್ಪನ ಪುಟ. ದಾಸಯ್ಯನ ಅಪ್ಪ ಮಂಜಯ್ಯನೂ ಅದೇ ಎಸ್ಟೇಟಿನಲ್ಲಿ ಗಸಿಯವನು. ಇಪ್ಪತ್ತೊಂದು ವರ್ಷದ ಹಿಂದೆ ಬಸರಿ ಮರದಿಂದ ಬಿದ್ದು ಸತ್ತ. ಆ ಪುಟದಲ್ಲಿ ದಾಸಯ್ಯ ಬರೆಸಿದ್ದು ಎರಡೇ ಸಾಲು. ನಮ್ಮಪ್ಪ ಕುಡಿದು ಹತ್ತಿ ಸತ್ತಿದ್ದಲ್ಲ. ಕುಡಿಸಿ ಹತ್ತಿಸಿದರು.

"ಅದನ್ನ ಎರಡು ಸಲ ಓದಿದ್ರು," ಎಂದ. "ಆಮೇಲೆ ಏಣಿ ಹತ್ರ ಹೋದೆ. ಮೇಸ್ತ್ರಿ ಪ್ಯಾಕೆಟ್ ಹಿಡ್ದ. ಕುಡ್ದು ಹತ್ತಿದೆ. ಎತ್ತರ ಕಾಣ್ಲಿಲ್ಲ."

ಅಫ್ರೀನ್ ಏನು ಹೇಳಬೇಕಿತ್ತು? ಅವಳಿಗೆ ಕಲಿಸಿದ್ದು ಒಂದೇ. ಹಾಗಾಗಿ ಅದನ್ನೇ ಮಾಡಿದಳು. ಬಿಳಿ ಹಾಳೆ ತೆಗೆದು ಐದು ಕಲಂ ಎಳೆದಳು. ಏನಾಯಿತು ಎಂಬಲ್ಲಿ ಬರೆದಳು. ಏನು ಯೋಚನೆ ಬಂತು ಎಂದು ಕೇಳಿದಳು.

"ನಮಗೆ ಮನಸ್ಸಿನ ಒಳಗೂ ಜಾಗ ಇಲ್ಲ ಅಂತ."

ಸಾಕ್ಷಿ ಎಂಬ ಕಲಂನ ಮೇಲೆ ಅವಳ ಪೆನ್ನು ಬಂತು. ಈ ಯೋಚನೆಗೆ ವಿರುದ್ಧವಾದ ಸಾಕ್ಷಿ ಏನಾದರೂ ಇದೆಯಾ ಎಂದು ಕೇಳಬೇಕಾದ ಹೊತ್ತು. ಅವಳು ಕೇಳಲಿಲ್ಲ. ಹಾಳೆಯನ್ನು ಮಡಚಿ, ಎಲ್ಲಿಡಬೇಕೆಂದು ತಿಳಿಯದೆ, ತನ್ನ ಬ್ಯಾಗಿಗೆ ಹಾಕಿಕೊಂಡಳು.

"ನನ್ನ ತಪ್ಪು ದಾಸಯ್ಯಣ್ಣ," ಎಂದಳು.

"ನಿಮ್ದೇನು ಮೇಡಂ. ನೀವು ಬರ್ಸಿ ಅಂದ್ರಿ, ಬರ್ಸಿದೆ."

ಬುಧವಾರ ಅವನು ಕುಡಿಯಲಿಲ್ಲ. ಏಣಿಯ ಹತ್ತಿರವೂ ಹೋಗದೆ ಮನೆಯಲ್ಲೇ ಕೂತ. ಗುರುವಾರ ಬೆಳಿಗ್ಗೆ ಸಂಸ್ಥೆಯ ಸಂಯೋಜಕಿ ಮೋನಿಕಾ ಚಿಕ್ಕಮಗಳೂರಿನಿಂದ ಅಫ್ರೀನಳಿಗೆ ಫೋನ್ ಮಾಡಿದಳು. ಎಸ್ಟೇಟಿನವರು ಮಾತಾಡಬೇಕಂತೆ, ಜೀಪು ಕಳಿಸುತ್ತಾರಂತೆ. "ನೋಡು ಅಫ್ರೀನ್, ಪೇಷಂಟಿಗೆ ಎಸ್ಟೇಟಿನವರು ಕೊಟ್ಟಿರೋ ಮನೆ ಉಳಿಯೋದು ಮುಖ್ಯ. ಹೇಗಾದ್ರೂ ಹೊಂದಾಣಿಕೆ ಮಾಡ್ಸು. ಹೋರಾಟ ಗೀರಾಟ ನಮ್ಮ ಕೆಲ್ಸ ಅಲ್ಲ." ಜೀಪು ಬಂದಾಗ ಸಫ್ದರ್ ಶೆಡ್ಡಿನಿಂದ ಗ್ರೀಸಿನ ಕೈ ಒರೆಸಿಕೊಳ್ಳುತ್ತ ಬಂದು, ಅದರ ಬಾನೆಟ್ಟನ್ನೊಮ್ಮೆ ತಟ್ಟಿ, ಮಗಳಿಗೆ ಮೆಲ್ಲಗೆ ಹೇಳಿದ: "ಇವ್ರ ಮೂರು ಗಾಡೀನೂ ನಮ್ಮಲ್ಲೇ ರಿಪೇರಿ ಮಗಾ. ಸ್ವಲ್ಪ ನೋಡ್ಕೊಂಡು ಮಾತಾಡು."

ಎಸ್ಟೇಟಿನ ಈಗಿನ ಯಜಮಾನ ಮೋಹಿತ್. ಮೂವತ್ತೆರಡರವನು. ಆಳುಗಳಿಗೆ ಸಣ್ಣಯ್ಯ. ಬಂಗಲೆಯ ಜಗಲಿಯಲ್ಲಿ ಅಫ್ರೀನಳಿಗೆ ಕುರ್ಚಿ ಕೊಟ್ಟು, ಕಾಫಿ ತರಿಸಿ, ಸಕ್ಕರೆ ಎಷ್ಟೆಂದು ತಾನೇ ಕೇಳಿದ. ಪ್ರಸಾದ್ ಕಂಬದ ಪಕ್ಕ ಪುಸ್ತಕ ಹಿಡಿದು ನಿಂತಿದ್ದ. ಮೇಸ್ತ್ರಿ ಬಸವರಾಜು ಮೆಟ್ಟಿಲ ಮೇಲೆ. ದಾಸಯ್ಯ ಕೆಳಗೆ ಅಂಗಳದಲ್ಲಿ, ಬಿಸಿಲಲ್ಲಿ, ಕೈಕಟ್ಟಿ ನಿಂತಿದ್ದ. ಅವನಿಗಿಂತ ನಾಲ್ಕು ಮಾರು ಹಿಂದೆ ವಸಂತಮ್ಮ.

"ಮೊದಲೇ ಹೇಳ್ಬಿಡ್ತೀನಿ ಮೇಡಂ," ಎಂದ ಮೋಹಿತ್. "ಅದನ್ನ ಹಾಗೆ ಎಲ್ಲರ ಮುಂದೆ ಓದಿದ್ದು ಸರಿಯಲ್ಲ. ಪ್ರಸಾದ್‌ಗೆ ಹೇಳಿದೀನಿ. ಥೆರಪಿ ಬಗ್ಗೆ ನಂಗೆ ತುಂಬಾ ಗೌರವ ಇದೆ. ನಾನೂ ಒಂದು ವರ್ಷ ತಗೊಂಡಿದ್ದೆ, ಅಪ್ಪ ಹೋದಾಗ."

"ನಿಮ್ಮ ಥೆರಪಿ ಪುಸ್ತಕ ಯಾರು ಓದಿದ್ರು ಸರ್?" ಎಂದು ಕೇಳಬೇಕೆನಿಸಿತು ಅಫ್ರೀನಳಿಗೆ. ಕಾಫಿ ಕುಡಿದಳು.

"ಆದ್ರೆ ಇದೊಂದು ವಿಷಯ. ಆ ಎರಡು ಸಾಲು ಈಗ ಲೈನಲ್ಲಿ ಎಲ್ಲರ ಬಾಯಲ್ಲಿ ಇದೆ. ನಮ್ಮ ತಂದೆ ಕೊಲೆ ಮಾಡಿದ್ರು ಅನ್ನೋ ಹಾಗೆ. ಪುಸ್ತಕ ಕೊಡಿ ಪ್ರಸಾದ್." ಅವನು ಮೊದಲ ಪುಟ ತೆರೆದು ಬೆರಳಿಟ್ಟ. "ತಪ್ಪು ಯೋಚನೆಯ ಹತ್ತು ಬಗೆಗಳು. ಎಷ್ಟು ಚೆನ್ನಾಗಿ ಬರೆದಿದೀರಿ! ಆರನೇದು ಓದ್ತೀನಿ. 'ನಮ್ಮ ಬದುಕಿನಲ್ಲಿ ಆದದ್ದಕ್ಕೆಲ್ಲ ಬೇರೆಯವರನ್ನು ಹೊಣೆ ಮಾಡುವುದು.' ಇದೇ ಅಲ್ವಾ ದಾಸನಿಗೆ ಆಗಿರೋದು?"

"ಹಾಗಲ್ಲ ಸರ್. ಅದು... ಸಾಕ್ಷಿ ಇಲ್ಲದೆ ಹೊಣೆ ಮಾಡೋದು. ನಿಜ ಆಗಿದ್ರೆ ಅದು ತಪ್ಪು ಯೋಚನೆ ಆಗಲ್ಲ."

"ಕರೆಕ್ಟ್. ಸಾಕ್ಷಿ ನೋಡೋಣ." ಮೋಹಿತ್ ಫೈಲಿನಿಂದ ಹಳೆಯ ಕಾಗದದ ನಕಲೊಂದನ್ನು ತೆಗೆದು ಅವಳ ಮುಂದಿಟ್ಟ. ಇಪ್ಪತ್ತೊಂದು ವರ್ಷದ ಹಿಂದೆ ಪೊಲೀಸರಿಗೆ ಕೊಟ್ಟ ಹೇಳಿಕೆ. ದುಂಡು ದುಂಡು ಅಕ್ಷರ. ನನ್ನ ಗಂಡ ಮಂಜಯ್ಯ ಮನೆಯಿಂದ ಕುಡಿದು ಹೋಗಿ ಮರ ಹತ್ತಿ ಬಿದ್ದಿರುತ್ತಾನೆ, ಯಾರ ಮೇಲೂ ನನಗೆ ಅನುಮಾನ ಇರುವುದಿಲ್ಲ. ಕೆಳಗೆ ದಾಸಯ್ಯನ ತಾಯಿಯ ಹೆಬ್ಬೆಟ್ಟು, ಮಸಿ ಹರಡಿ ಒಂದು ಮಚ್ಚೆಯಂತಾಗಿತ್ತು.

"ಇದನ್ನು ಬರೆದದ್ದು ಆಗಿನ ರೈಟರು," ಎಂದಳು ಅಫ್ರೀನ್.

"ಹೌದು, ನಮ್ಮ ತಂದೆಯವರು," ಎಂದ ಪ್ರಸಾದ್, ವಿನಯದಿಂದ.

"ನಾನು ಅಲ್ಲೇ ಇದ್ದೆ ಅಯ್ಯಾ," ಎಂದ ದಾಸಯ್ಯ ಕೆಳಗಿನಿಂದ. "ಏಣಿ ಹಿಡ್ಕೊಂಡಿದ್ದೆ. ಅಪ್ಪ ಇವತ್ತು ಬೇಡ, ತಲೆ ತಿರುಗ್ತದೆ ಅಂದ. ಎರಡು ಗ್ಲಾಸು ಕೊಟ್ಟು ಹತ್ಸಿದ್ರು. ಕೊಟ್ಟಿದ್ದು ಇದೇ ಬಸವರಾಜಣ್ಣ. ಕೇಳಿ ಬೇಕಾದ್ರೆ."

ಎಲ್ಲರೂ ಮೇಸ್ತ್ರಿಯ ಕಡೆ ನೋಡಿದರು. ಬಸವರಾಜು ಮೆಟ್ಟಿಲ ಸಂದಿಯ ಪಾಚಿಯನ್ನು ಕಾಲಬೆರಳಿನಿಂದ ಕೆರೆಯುತ್ತಿದ್ದ.

"ಎಷ್ಟೋ ಹಳೇ ಮಾತು. ಎಲ್ರಿಗೂ ಕೊಡ್ತಿದ್ದೆ. ಯಾರಿಗೆ ಎಷ್ಟು ಅಂತ ಈಗ ಯಾರಿಗೆ ನೆನಪಿರ್ತದೆ?"

"ಒಂದು ಹೇಳಿಕೆ ಕಾಗದದ ಮೇಲಿದೆ, ಒಂದು ನೆನಪಿನಲ್ಲಿದೆ. ಅದೂ ಇಪ್ಪತ್ತು ವರ್ಷ ಕುಡಿದ ತಲೆಯ ನೆನಪು," ಎಂದ ಮೋಹಿತ್, ಬೇಸರದಿಂದಲೇ ಎಂಬಂತೆ. "ನಾನೇನು ದೊಡ್ಡದು ಕೇಳ್ತಿಲ್ಲ ಮೇಡಂ. ಆ ಪುಟದಲ್ಲಿ ಕೊನೇ ಕಲಂ ಖಾಲಿ ಇದೆ. ಬದಲಿ ಯೋಚನೆ. ಅಲ್ಲಿ ಒಂದು ಸಾಲು ಬರೆಸಿ. 'ನಮ್ಮ ತಂದೆ ತನ್ನ ಕುಡಿತದಿಂದಲೇ ಸತ್ತರು, ಕುಡಿತದ ಚಟದಲ್ಲಿ ನಾನು ತಪ್ಪಾಗಿ ಯೋಚಿಸಿದೆ.' ಇವನು ಹೆಬ್ಬೆಟ್ಟು ಹಾಕ್ಲಿ, ನೀವು ಸಾಕ್ಷಿ ಸೈನ್ ಹಾಕಿ. ಸೋಮವಾರ ಮಸ್ಟರಲ್ಲಿ ಓದ್ತೀವಿ, ಮುಗೀತು. ಇಲ್ಲಾಂದ್ರೆ ಅಷ್ಟರೊಳಗೆ ಲೈನ್ ಮನೆ ಖಾಲಿ ಮಾಡ್ಬೇಕಾಗ್ತದೆ. ನಂಬಿಕೆ ಇಲ್ಲದ ಕಡೆ ಯಾರಾದ್ರೂ ಹೇಗೆ ಇರ್ತಾರೆ ಹೇಳಿ?"

ಹಗ್ಗದ ಮಾತು ಯಾರೂ ಎತ್ತಲಿಲ್ಲ.

ಅಫ್ರೀನ್ ಆ ಖಾಲಿ ಕಲಂ ನೋಡಿದಳು. ಅವಳೇ ಸ್ಕೇಲಿಟ್ಟು ಎಳೆದ ಗೆರೆ. ಜನ ಉಸಿರಾಡಲೆಂದು ಬಿಟ್ಟ ಜಾಗ. ಹೇಳಬೇಕಾದ ಮಾತುಗಳೆಲ್ಲ ಅವಳಿಗೆ ಗೊತ್ತಿದ್ದವು. ಇದು ಚಿಕಿತ್ಸೆಯಲ್ಲ, ಇದು ರೋಗಿಯ ಗುಟ್ಟು, ಇದನ್ನು ನೀವು ಮುಟ್ಟುವಂತಿಲ್ಲ, ಕೆಲಸಕ್ಕೆ ಹತ್ತುವವನಿಗೆ ಹೆಂಡ ಕುಡಿಸುವುದು ಅಪರಾಧ. ಒಂದೊಂದನ್ನೂ ನಾಲಿಗೆಯ ತುದಿಗೆ ತಂದು ನೋಡಿದಳು. ಪ್ರತಿಯೊಂದರ ಹಿಂದೆಯೂ ಮೋನಿಕಾ ಇದ್ದಳು, ಗ್ರೀಸಿನ ಕೈ ಒರೆಸುವ ಅಪ್ಪ ಇದ್ದ, ಮಳೆಗೆ ಹದಿನೈದು ದಿನ ಉಳಿದಿರುವಾಗ ಮುರಿದ ಕೈಯಲ್ಲಿ ಪಾತ್ರೆ ಹೊತ್ತು ರಸ್ತೆಗೆ ಬರುವ ವಸಂತಮ್ಮ ಇದ್ದಳು. ಅವಳು ಎದ್ದು ಮೆಟ್ಟಿಲಿಳಿದು ದಾಸಯ್ಯನ ಹತ್ತಿರ ಹೋದಳು.

"ಒಂದು ಸಾಲು ದಾಸಯ್ಯಣ್ಣ," ಎಂದಳು ಮೆಲ್ಲಗೆ. "ಬರೆಸಿಬಿಡಿ. ಅದು ಸುಳ್ಳು ಅಂತ ನಿಮಗೆ ಗೊತ್ತು, ನನಗೆ ಗೊತ್ತು. ಕಾಗದ ತಾನೇ. ಮನೆ ಉಳೀತದೆ, ಕವನಾ ರಜೆಗೆ ಬರ್ತಾಳೆ. ಆಮೇಲೆ ನಾವಿಬ್ರೂ ಮೊದಲಿಂದ ಶುರು ಮಾಡೋಣ."

ದಾಸಯ್ಯ ಅವಳನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

"ನೀವೂ ಹೇಳ್ತೀರಾ ಮೇಡಂ?"

"ಬೇರೆ ದಾರಿ ಕಾಣ್ತಿಲ್ಲ."

"ನಮ್ಮವ್ವನಿಗೂ ಹಿಂಗೇ ಹೇಳಿದ್ರು. ಕಾಗ್ದ ತಾನೇ ಅಂತ. ಹಾಕಿದ್ಲು. ಆ ಸಂಜೆಯಿಂದ ನಾನು ಕುಡಿಯೋಕೆ ಹಿಡ್ದೆ. ಇದನ್ನ ನಿಮ್ಮ ಪುಸ್ತಕದಲ್ಲಿ ಬರ್ಸಿಲ್ಲ. ಮೊನ್ನೆ ತನಕ ನಂಗೇ ಗೊತ್ತಿರ್ಲಿಲ್ಲ." ಅವನು ಜಗಲಿಯ ಕಡೆ ತಿರುಗಲಿಲ್ಲ, ಅವಳಿಗೇ ಹೇಳುತ್ತಿದ್ದ. "ಕುಡಿಯೋ ಮೊದ್ಲು ಬರೋ ಯೋಚ್ನೆ ಹಿಡೀರಿ ಅಂದ್ರಲ್ಲ, ಇದೇ ಅದು. ಇವತ್ತು ಇದಕ್ಕೆ ಹೆಬ್ಬೆಟ್ಟು ಒತ್ತಿದ್ರೆ ನಾನು ಇಲ್ಲಿಂದ ಸೀದಾ ಹೋಗಿ ಕುಡೀತೀನಿ. ಆಮೇಲೆ ನೀವು ಎಷ್ಟು ಕಲಂ ಎಳೆದ್ರೂ ಆಗಲ್ಲ."

ಅಫ್ರೀನ್ ತರಬೇತಿಯಲ್ಲಿ ಕಲಿತದ್ದರಲ್ಲಿ ಅವನು ಹೇಳಿದ್ದಕ್ಕಿಂತ ಸರಿಯಾದದ್ದು ಒಂದೂ ಇರಲಿಲ್ಲ. ಆದರೂ ಅದು ಒಂದು ಮನೆಯನ್ನೂ ಉಳಿಸುವಂತಿರಲಿಲ್ಲ.

"ದಾಸ, ಭಾವುಕ ಆಗ್ಬೇಡ," ಎಂದ ಮೋಹಿತ್ ಮೇಲಿನಿಂದ. "ಮೇಡಂ ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಪ್ರಸಾದ್ ಆಗಲೇ ಸಾಲನ್ನು ಬರೆದು ಮುಗಿಸಿದ್ದ. ಪುಸ್ತಕವನ್ನು ಅಂಗೈ ಮೇಲೆ ಬಿಡಿಸಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಮಸಿಯ ಡಬ್ಬಿ ಹಿಡಿದು ಅಂಗಳಕ್ಕೆ ಇಳಿದ. ಬಸವರಾಜು ಹಿಂದೆಯೇ ಬಂದು, ರೂಢಿಯಂತೆ, ದಾಸಯ್ಯನ ಎಡ ಮಣಿಕಟ್ಟು ಹಿಡಿದ. ವಸಂತಮ್ಮ ಎರಡು ಹೆಜ್ಜೆ ಮುಂದೆ ಬಂದು ನಿಂತಳು.

"ಒತ್ತೋ ದಾಸ," ಎಂದ ಪ್ರಸಾದ್. "ಬಿಸಿಲಿಗೆ ಮಸಿ ಒಣಗ್ತದೆ."

ದಾಸಯ್ಯ ಕೈ ಬಿಡಿಸಿಕೊಂಡು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿದ.

"ಒತ್ತಲ್ಲ," ಎಂದ. "ಸೋಮವಾರದ ತನಕ ಯಾಕೆ, ಇವತ್ತೇ ಪಾತ್ರೆ ಹೊರಗೆ ಇಡಿ. ನಾನು ಒತ್ತಲ್ಲ."